ಬಾಗಿಲು ತೆಗೆಯದ ರಿಪ್ಲಿ

(ಸಭೆಯೊಂದರಲ್ಲಿ ಆಡಿದ ಮಾತಿನ ಬರಹರೂಪ.) ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ನೇರವಾಗಿ ಒಂದು ದೃಶ್ಯಕ್ಕೇ ಹೋಗೋಣ. 1979ರಲ್ಲಿ ಬಂದ ‘ಏಲಿಯನ್’ ಸಿನಿಮಾ. ಯಾರೂ ಕಾಲಿಡದ ಒಂದು ಪುಟ್ಟ ಗ್ರಹದ ಮೇಲೆ ಬಾಹ್ಯಾಕಾಶದ ಸರಕು ಹಡಗೊಂದರ ಜನ ಇಳಿದಿದ್ದಾರೆ. ಮೂವರು ಹೊರಗೆ ಹೋಗಿದ್ದರು. ವಾಪಸ್ ಬರುವಾಗ ಅವರಲ್ಲಿ ಕೇನ್ ಅನ್ನುವವನ ಮುಖಕ್ಕೆ ಏಡಿಯಂಥ ಒಂದು ಜೀವಿ ಕಚ್ಚಿಕೊಂಡಿದೆ, ಅವನಿಗೆ ಪ್ರಜ್ಞೆ ಇಲ್ಲ. ಕ್ಯಾಪ್ಟನ್ ಬಾಗಿಲ ಹೊರಗೆ ನಿಂತು ಬೇಗ ತೆಗಿ ಅನ್ನುತ್ತಿದ್ದಾನೆ. ಒಳಗೆ ಇರುವ ಅಧಿಕಾರಿ ಒಬ್ಬ ಹೆಂಗಸು, ಹೆಸರು ರಿಪ್ಲಿ. ಆಕೆ ತೆಗೆಯುವುದಿಲ್ಲ. ಕ್ವಾರಂಟೈನ್ ನಿಯಮ ಇದೆ, 24 ಗಂಟೆ ಹೊರಗೇ ಇರಬೇಕು ಅನ್ನುತ್ತಾಳೆ. 24 ಗಂಟೆಯಲ್ಲಿ ಇವನು ಸತ್ತೇ ಹೋಗಬಹುದು ಅಂತ ಕ್ಯಾಪ್ಟನ್. ನಿಯಮ ಮುರಿದರೆ ಎಲ್ಲರೂ ಸಾಯಬಹುದು ಅಂತ ರಿಪ್ಲಿ. ಇದು ಆಜ್ಞೆ ಅಂತ ಕ್ಯಾಪ್ಟನ್ ಗದರುತ್ತಾನೆ. ಕೇಳಿಸಿತು, ಆಗುವುದಿಲ್ಲ ಅಂತ ರಿಪ್ಲಿ.

ಆಕೆಯ ದನಿ ಏರುವುದಿಲ್ಲ. ಆದರೆ ಮುಖ ನೋಡಿ, ಆ ಮಾತು ಹೇಳುವುದು ಆಕೆಗೆ ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಹೊರಗಿರುವವರು ಆಕೆಯ ಜೊತೆ ತಿಂಗಳುಗಟ್ಟಲೆ ಕೆಲಸ ಮಾಡಿದವರು. ಅಷ್ಟರಲ್ಲಿ ಹಡಗಿನ ವಿಜ್ಞಾನಿ ಆಶ್ ತಾನೇ ಗುಂಡಿ ಒತ್ತಿ ಬಾಗಿಲು ತೆಗೆದುಬಿಡುತ್ತಾನೆ. ಮುಂದೆ ಆಗುವ ಎಲ್ಲ ಸಾವುಗಳೂ ಆ ಒಂದು ಗುಂಡಿಯಿಂದಲೇ.

ರಿಪ್ಲಿ ಅಂದ ಕೂಡಲೇ ಜಾಸ್ತಿ ಜನರಿಗೆ ನೆನಪಾಗುವುದು ದೊಡ್ಡ ಬಂದೂಕು ಹಿಡಿದು, ಒಂದು ಮಗುವನ್ನು ಎತ್ತಿಕೊಂಡು ನಿಂತ ಚಿತ್ರ. ಅದು 1986ರ ಎರಡನೇ ಸಿನಿಮಾದ್ದು, ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ನನ್ನ ಪ್ರಕಾರ ರಿಪ್ಲಿ ನಾಯಕಿಯಾಗುವುದು ಆ ಬಂದೂಕಿನಿಂದ ಅಲ್ಲ, ಈ ಬಾಗಿಲ ಹತ್ತಿರ. ತನ್ನ ಕೆಲಸ ಏನು ಅಂತ ಆಕೆಗೆ ಗೊತ್ತು, ಆ ಕೆಲಸವನ್ನು ಮೇಲಿನವನು ಬೇಡ ಅಂದರೂ ಮಾಡುತ್ತಾಳೆ. ಇಷ್ಟೇ. ಇಂಥ ನಾಯಕಿ ಅದಕ್ಕೆ ಮುಂಚೆ ವಿಜ್ಞಾನ ಕಥೆಯ ಸಿನಿಮಾಗಳಲ್ಲಾಗಲಿ ಹಾರರ್ ಸಿನಿಮಾಗಳಲ್ಲಾಗಲಿ ಸಿಗುವುದು ಬಹಳ ಕಷ್ಟ. ಅಲ್ಲಿನ ಹೆಣ್ಣು ಕಿರುಚುತ್ತಿದ್ದಳು, ಯಾರಾದರೂ ಬಂದು ಕಾಪಾಡುತ್ತಿದ್ದರು. ಇಲ್ಲವೇ ವಿಜ್ಞಾನಿಯ ಮಗಳೋ ಪ್ರೇಯಸಿಯೋ ಆಗಿ ಬಂದು ಪ್ರಶ್ನೆ ಕೇಳುತ್ತಿದ್ದಳು, ಗಂಡಸರು ಉತ್ತರ ಕೊಡುತ್ತಿದ್ದರು.

ಈ ಬಾಗಿಲ ದೃಶ್ಯವನ್ನು 2020ರ ನಂತರ ನೋಡುವುದೇ ಬೇರೆ ಅನುಭವ. ಆ ವರ್ಷ ಮಾರ್ಚ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಇಳಿದವರ ಕೈ ಮೇಲೆ ಅಳಿಸದ ಶಾಯಿಯಲ್ಲಿ ಮುದ್ರೆ ಒತ್ತಿ ಮನೆಗೆ ಕಳಿಸಿದ್ದು ನೆನಪಿದೆ ಅಲ್ವಾ? ನಮ್ಮವರನ್ನೇ ಹೊರಗೆ ನಿಲ್ಲಿಸುವುದು ಎಷ್ಟು ಕ್ರೂರ ಅನ್ನಿಸುತ್ತದೆ, ಆದರೂ ಯಾಕೆ ನಿಲ್ಲಿಸಬೇಕು ಅನ್ನುವುದು ನಮಗೆಲ್ಲ ಆಗ ಅರ್ಥವಾಯಿತು. ರಿಪ್ಲಿಯ ನಿಯಮವೂ ಸುಮ್ನೆ ಕಥೆಗೆಂದು ಕಟ್ಟಿದ್ದಲ್ಲ. 1969ರಲ್ಲಿ ಚಂದ್ರನಿಂದ ವಾಪಸ್ ಬಂದ ಅಪೋಲೋ 11ರ ಮೂವರನ್ನೂ ನಾಸಾ ಸುಮಾರು ಮೂರು ವಾರ ಪ್ರತ್ಯೇಕವಾಗಿ ಇಟ್ಟಿತ್ತು. ಇಡೀ ಲೋಕವೇ ಮೆರವಣಿಗೆ ಮಾಡಲು ಕಾಯುತ್ತಿದ್ದ ಜನ ಅವರು, ಅವರಿಗೂ ವಿನಾಯಿತಿ ಇರಲಿಲ್ಲ.

ಇನ್ನು ಈ ಪಾತ್ರ ಹುಟ್ಟಿದ ಬಗೆ. ಡ್ಯಾನ್ ಓಬ್ಯಾನನ್ ಮತ್ತು ರೊನಾಲ್ಡ್ ಶುಸೆಟ್ ಸೇರಿ ಕಥೆ ಮಾಡಿದರು, ಓಬ್ಯಾನನ್ ಚಿತ್ರಕಥೆ ಬರೆದರು. ಅದರಲ್ಲಿ ಒಂದು ಸಣ್ಣ ಟಿಪ್ಪಣಿ ಇತ್ತು. ಹಡಗಿನ ಸಿಬ್ಬಂದಿಯ ಯಾವ ಪಾತ್ರವನ್ನಾದರೂ ಗಂಡಸರೂ ಮಾಡಬಹುದು, ಹೆಂಗಸರೂ ಮಾಡಬಹುದು ಅಂತ. ಆಮೇಲೆ ನಿರ್ಮಾಪಕರಾದ ವಾಲ್ಟರ್ ಹಿಲ್ ಮತ್ತು ಡೇವಿಡ್ ಗೈಲರ್ ಅದನ್ನು ತಿದ್ದಿ ಬರೆದರು, ಪಾತ್ರಗಳ ಹೆಸರು ಬದಲಿಸಿದರು, ರಿಪ್ಲಿಯನ್ನು ಹೆಂಗಸನ್ನಾಗಿ ಮಾಡಿದರು. ಈ ಯೋಚನೆ ಮೊದಲು ಯಾರಿಗೆ ಹೊಳೆಯಿತು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಫಾಕ್ಸ್ ಸ್ಟುಡಿಯೋದ ಮುಖ್ಯಸ್ಥ ಅಲನ್ ಲ್ಯಾಡ್ ಜೂನಿಯರ್ ಅದರ ಪರವಾಗಿ ನಿಂತಿದ್ದಂತೂ ನಿಜ. ಏನಾದರೂ ಆಗಲಿ, ನನಗೆ ಮುಖ್ಯ ಅನ್ನಿಸುವುದು ಇದು: ಪಾತ್ರವನ್ನು ಮೊದಲು ಒಬ್ಬ ಕೆಲಸಗಾರ ಅಂತ ಬರೆದರು. ಹೆಣ್ಣು ಅನ್ನುವುದು ಆಮೇಲೆ ಬಂತು. ಹಾಗಾಗಿ ‘ಹೆಣ್ಣಾದ್ದರಿಂದ ಹೀಗೆ ಮಾತಾಡಲಿ, ಹೀಗೆ ಅಳಲಿ’ ಅಂತ ಯಾರೂ ಏನನ್ನೂ ಸೇರಿಸಲು ಹೋಗಲಿಲ್ಲ. ಆಕೆಗೆ ಪ್ರಿಯಕರ ಇಲ್ಲ, ಮನೆಯ ನೆನಪಿನ ಹಿನ್ನೆಲೆ ಕಥೆ ಇಲ್ಲ. ಮೊದಲ ಸಿನಿಮಾದಲ್ಲಿ ಆಕೆಯ ಪೂರ್ತಿ ಹೆಸರೂ ಕೇಳಿಸುವುದಿಲ್ಲ, ಬರೀ ರಿಪ್ಲಿ. ಉಳಿದವರನ್ನೂ ಹಾಗೆಯೇ ಒಂದೊಂದೇ ಹೆಸರಿನಿಂದ ಕರೆಯುತ್ತಾರೆ.

ನಟಿ ಸಿಗೋರ್ನಿ ವೀವರ್‌ಗೆ ಆಗ ಮೂವತ್ತು ಕೂಡ ತುಂಬಿರಲಿಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿ ನಾಟಕ ಕಲಿತು ನ್ಯೂಯಾರ್ಕ್ ರಂಗಭೂಮಿಯಲ್ಲಿದ್ದರು. ಸಿನಿಮಾ ಅಂದರೆ ‘ಆನಿ ಹಾಲ್’ನಲ್ಲಿ ಕ್ಷಣಕಾಲ ಕಾಣಿಸಿಕೊಂಡಿದ್ದರು, ಹೆಸರು ಮಾಡುವಂಥದ್ದೇನೂ ಇರಲಿಲ್ಲ. ಸುಮಾರು ಆರಡಿ ಎತ್ತರ. ಗಂಡಸರ ಪಕ್ಕದಲ್ಲಿ ನಿಂತರೆ ಕಣ್ಣಿಗೆ ಕಣ್ಣಿಟ್ಟು ಮಾತಾಡುತ್ತಾರೆ, ತಲೆ ಎತ್ತಿ ನೋಡಬೇಕಾಗಿಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಫ್ರೇಮಿನಲ್ಲಿ ಯಾರು ಯಾರನ್ನು ಮೇಲಿನಿಂದ ನೋಡುತ್ತಾರೆ ಅನ್ನುವುದರಿಂದ ನಾವು ಎಷ್ಟೋ ತೀರ್ಮಾನ ಮಾಡಿಬಿಡುತ್ತೇವೆ. ವೆರೋನಿಕಾ ಕಾರ್ಟ್‌ರೈಟ್ ಕೂಡ ಮೊದಲು ರಿಪ್ಲಿ ಪಾತ್ರಕ್ಕೇ ಆಡಿಷನ್ ಕೊಟ್ಟಿದ್ದರು, ಕೊನೆಗೆ ಅವರಿಗೆ ಸಿಕ್ಕಿದ್ದು ಆ ಬಾಗಿಲ ಹೊರಗೆ ನಿಂತ ಮೂವರಲ್ಲಿ ಒಬ್ಬಳಾದ ಲ್ಯಾಂಬರ್ಟ್ ಪಾತ್ರ. ಭಯದಿಂದ ಕುಸಿಯುವ ಪಾತ್ರ ಅದು, ಅದನ್ನು ಅವರು ಮಾಡಿರುವ ರೀತಿಗೆ ಸಿಗಬೇಕಾದಷ್ಟು ಮೆಚ್ಚುಗೆ ಇವತ್ತಿಗೂ ಸಿಕ್ಕಿಲ್ಲ ಅಂತ ನನಗೆ ಬೇಜಾರಿದೆ.

ಚಿತ್ರೀಕರಣ ನಡೆದದ್ದು 1978ರಲ್ಲಿ, ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೋದಲ್ಲಿ. ಅದೇ ವರ್ಷ ಜನವರಿಯಲ್ಲಿ ನಾಸಾ ಮೊಟ್ಟಮೊದಲ ಬಾರಿ ಹೆಂಗಸರನ್ನು ಗಗನಯಾತ್ರಿಗಳಾಗಿ ಆರಿಸಿತ್ತು. 35 ಜನರಲ್ಲಿ 6 ಮಂದಿ. ಸೋವಿಯತ್ ಒಕ್ಕೂಟದ ವ್ಯಾಲೆಂಟಿನಾ ತೆರೆಷ್ಕೋವಾ 1963ರಲ್ಲೇ ಹೋಗಿ ಬಂದಿದ್ದರೂ, ಅಮೆರಿಕದ ಸ್ಯಾಲಿ ರೈಡ್ ಬಾಹ್ಯಾಕಾಶಕ್ಕೆ ಹೋದದ್ದು 1983ರಲ್ಲಿ. ಅಂದರೆ ಅಮೆರಿಕದ ಒಬ್ಬ ಹೆಂಗಸೂ ಇನ್ನೂ ಭೂಮಿ ಬಿಟ್ಟಿರದ ಕಾಲದಲ್ಲಿ ಈ ಸಿನಿಮಾ, ಹಡಗಿನಲ್ಲಿ ಹೆಂಗಸೊಬ್ಬಳು ಅಧಿಕಾರಿಯಾಗಿರುವುದನ್ನು ಏನೂ ವಿಶೇಷವಿಲ್ಲ ಎಂಬಂತೆ ತೋರಿಸಿತು. ಯಾವ ಪಾತ್ರವೂ ಅದರ ಬಗ್ಗೆ ಬಾಯಿ ಬಿಡುವುದಿಲ್ಲ. ಅದೇ ನನಗೆ ತುಂಬಾ ಇಷ್ಟ.

ಆ ಹಡಗನ್ನು ಸ್ವಲ್ಪ ನೋಡಿ. ನಾಸ್ಟ್ರೋಮೋ ಅಂತ ಹೆಸರು. ಯುದ್ಧನೌಕೆ ಅಲ್ಲ, ಸಂಶೋಧನಾ ನೌಕೆಯೂ ಅಲ್ಲ. 2 ಕೋಟಿ ಟನ್ ಅದಿರನ್ನು ಎಳೆದುಕೊಂಡು ಭೂಮಿಗೆ ಹೊರಟ ಸರಕು ಹಡಗು. ಸಿಬ್ಬಂದಿ ಏಳು ಜನ. ನಿದ್ದೆಯಿಂದ ಎದ್ದು, ಕಾಫಿ ಕುಡಿದು, ಸಿಗರೇಟ್ ಹಚ್ಚಿ, ದುಡ್ಡಿನ ಬಗ್ಗೆ ಜಗಳ ಶುರು ಮಾಡುತ್ತಾರೆ. ಕೆಳಗೆ ಎಂಜಿನ್ ಹತ್ತಿರ ದುಡಿಯುವ ಪಾರ್ಕರ್ ಮತ್ತು ಬ್ರೆಟ್‌ಗೆ ಉಳಿದವರಷ್ಟು ಬೋನಸ್ ಪಾಲು ಇಲ್ಲ, ಅದು ಸರಿಯಲ್ಲ ಅಂತ ಅವರ ತಕರಾರು. ಗೊತ್ತಿಲ್ಲದ ಸಂಕೇತ ಬಂದ ಕಡೆ ಹೋಗಿ ನೋಡಲು ಪಾರ್ಕರ್ ಒಪ್ಪದಿದ್ದಾಗ, ಹೋಗದಿದ್ದರೆ ಪಾಲು ಪೂರ್ತಿ ರದ್ದಾಗುತ್ತದೆ, ಒಪ್ಪಂದದಲ್ಲೇ ಹಾಗಿದೆ ಅಂತ ಆಶ್ ನೆನಪಿಸುತ್ತಾನೆ. ಇವರು ಧೈರ್ಯದಿಂದ ಹೋದವರಲ್ಲ, ಸಂಬಳ ಕಡಿತದ ಭಯದಿಂದ ಹೋದವರು. ಅದಕ್ಕೇ ಈ ಸಿನಿಮಾ ನನಗೆ ಮೊದಲು ಕೆಲಸಗಾರರ ಕಥೆ, ಆಮೇಲೆ ರಾಕ್ಷಸನ ಕಥೆ. ಕಲಾವಿದ ಎಚ್.ಆರ್. ಗೀಗರ್ ರೂಪಿಸಿದ ಆ ಜೀವಿ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ನಿಜವಾಗಿ ಭಯ ಹುಟ್ಟಿಸುವುದು ಇಷ್ಟು ಸಾಮಾನ್ಯ ಜನರ ನಡುವೆ ಬಂದು ನಿಂತಿದ್ದರಿಂದ.

ಮೊದಲ ಅರ್ಧದಲ್ಲಿ ನಾಯಕಿ ಯಾರು ಅಂತಲೇ ಗೊತ್ತಾಗುವುದಿಲ್ಲ. ನಿರ್ದೇಶಕ ರಿಡ್ಲಿ ಸ್ಕಾಟ್ ಇದನ್ನು ಬಹಳ ಜಾಣತನದಿಂದ ಮಾಡಿದ್ದಾರೆ. ತೆರೆಯ ಮೇಲೆ ಮೊದಲು ಬರುವ ಹೆಸರು ಕ್ಯಾಪ್ಟನ್ ಡಲ್ಲಾಸ್ ಪಾತ್ರ ಮಾಡಿದ ಟಾಮ್ ಸ್ಕೆರಿಟ್‌ರದ್ದು. ಗಡ್ಡ, ತಾಳ್ಮೆ, ಅಧಿಕಾರ, ನಾಯಕನಿಗೆ ಬೇಕಾದ್ದೆಲ್ಲ ಅವನಲ್ಲಿದೆ. ಆ ಜೀವಿಯನ್ನು ಹುಡುಕಿಕೊಂಡು ಅವನು ಗಾಳಿಯ ಕೊಳವೆಯೊಳಗೆ ಇಳಿದಾಗ ಪ್ರೇಕ್ಷಕರು ಹೇಗಾದರೂ ಗೆದ್ದು ಬರುತ್ತಾನೆ ಅಂದುಕೊಂಡಿರುತ್ತಾರೆ. ಅವನು ವಾಪಸ್ ಬರುವುದಿಲ್ಲ. ಅಲ್ಲಿಯತನಕ ರಿಪ್ಲಿ ಏನು ಮಾಡುತ್ತಿದ್ದಳು ಅಂತ ಹಿಂದಕ್ಕೆ ತಿರುಗಿ ನೋಡಿದರೆ, ಆಕೆ ಪ್ರತಿಯೊಂದು ಹಂತದಲ್ಲೂ ಸರಿಯಾದ ಪ್ರಶ್ನೆ ಕೇಳಿದ್ದಾಳೆ. ಆ ಸಂಕೇತವನ್ನು ಕುಳಿತು ಬಿಡಿಸಿ, ಇದು ಸಹಾಯದ ಕೂಗಲ್ಲ, ದೂರ ಇರಿ ಅನ್ನುವ ಎಚ್ಚರಿಕೆಯಂತಿದೆ ಅಂದವಳು ಆಕೆ. ಹೊರಟಿರುವವರಿಗೆ ಹೋಗಿ ಹೇಳುತ್ತೇನೆ ಅಂದರೆ, ನೀನು ಹೋಗುವಷ್ಟರಲ್ಲಿ ಅವರಿಗೇ ಗೊತ್ತಾಗುತ್ತದೆ ಬಿಡು ಅಂತ ಆಶ್ ತಡೆಯುತ್ತಾನೆ.

ಬಾಗಿಲ ಘಟನೆಯ ನಂತರದ ಒಂದು ಮಾತುಕತೆಯನ್ನು ದಯವಿಟ್ಟು ಗಮನವಿಟ್ಟು ನೋಡಿ. ರಿಪ್ಲಿ ಚಿಕಿತ್ಸಾ ಕೋಣೆಗೆ ಹೋಗಿ ಆಶ್‌ನನ್ನು ಕೇಳುತ್ತಾಳೆ. ಡಲ್ಲಾಸ್ ಮತ್ತು ಕೇನ್ ಹಡಗಿನಲ್ಲಿ ಇಲ್ಲದಾಗ ಹಿರಿಯ ಅಧಿಕಾರಿ ನಾನು, ಅದು ನಿನಗೆ ಗೊತ್ತಿಲ್ಲವಾ ಅಂತ. ಮರೆತಿದ್ದೆ ಅನ್ನುತ್ತಾನೆ. ಹಾಗಾದರೆ ವಿಜ್ಞಾನ ವಿಭಾಗದ ಮೂಲ ಕ್ವಾರಂಟೈನ್ ನಿಯಮವನ್ನೂ ಮರೆತೆಯಾ? ಇಲ್ಲ, ಅದು ನೆನಪಿದೆ ಅನ್ನುತ್ತಾನೆ. ನೆನಪಿದ್ದೇ ಮುರಿದಿದ್ದಾನೆ. ನಂತರ ಡಲ್ಲಾಸ್ ಹತ್ತಿರ ಹೋದರೆ ಅವನು ಕೈ ಚೆಲ್ಲುತ್ತಾನೆ. ವಿಜ್ಞಾನದ ವಿಷಯದಲ್ಲಿ ಆಶ್ ಮಾತೇ ಕೊನೆ, ಹಡಗಿನ ಒಡೆಯರಾದ ಕಂಪನಿಯವರು ಹೇಳಿದಂತೆ ಮಾಡುವುದೇ ಇಲ್ಲಿನ ಕ್ರಮ ಅಂತ. ಕಿರುಚಾಟ ಇಲ್ಲ, ರಕ್ತ ಇಲ್ಲ, ಸೌಜನ್ಯದಿಂದಲೇ ಎಲ್ಲ ನಡೆಯುತ್ತದೆ. ಸಭೆಗಳಲ್ಲಿ ಸರಿಯಾದ ಮಾತು ಹೇಳಿ ಪಕ್ಕಕ್ಕೆ ತಳ್ಳಿಸಿಕೊಂಡವರಿಗೆ, ಅದರಲ್ಲೂ ಹೆಂಗಸರಿಗೆ, ಈ ದೃಶ್ಯ ಎದೆಗೆ ತಾಗುತ್ತದೆ. ಕೇನ್‌ನ ಎದೆ ಸೀಳಿಕೊಂಡು ಜೀವಿ ಹೊರಬರುವ ಆ ಪ್ರಸಿದ್ಧ ದೃಶ್ಯಕ್ಕಿಂತ ಇದೇ ನನ್ನನ್ನು ಜಾಸ್ತಿ ಕಾಡಿದೆ.

ಡಲ್ಲಾಸ್ ಸತ್ತ ಮೇಲೆ ರಿಪ್ಲಿಯೇ ಮುಖ್ಯಸ್ಥೆ. ಆಗ ಆಕೆ ಮಾಡುವ ಮೊದಲ ದೊಡ್ಡ ಕೆಲಸ ಆಯುಧ ಹಿಡಿಯುವುದಲ್ಲ. ಹಡಗಿನ ಕಂಪ್ಯೂಟರ್ ಮುಂದೆ ಕೂತು ಪ್ರಶ್ನೆ ಟೈಪ್ ಮಾಡುತ್ತಾಳೆ. ಆ ಕಂಪ್ಯೂಟರನ್ನು ಅವರೆಲ್ಲ ಅಮ್ಮ ಅಂತ ಕರೆಯುತ್ತಾರೆ. ಉತ್ತರ ತೆರೆಯ ಮೇಲೆ ಮೂಡುತ್ತದೆ, ವಿಶೇಷ ಆಜ್ಞೆ 937. ಆ ಜೀವಿಯನ್ನು ಭೂಮಿಗೆ ತರುವುದೇ ಮುಖ್ಯ, ಉಳಿದದ್ದೆಲ್ಲ ಆಮೇಲೆ, ಸಿಬ್ಬಂದಿ ಸತ್ತರೂ ಪರವಾಗಿಲ್ಲ. ತಿರುಗಿದರೆ ಆಶ್ ಪಕ್ಕದಲ್ಲೇ ಕೂತಿದ್ದಾನೆ. ಅವನು ಮನುಷ್ಯನೇ ಅಲ್ಲ, ಕಂಪನಿ ಕಳಿಸಿದ ಯಂತ್ರ ಅಂತ ಗೊತ್ತಾಗುವುದು ಅವನು ರಿಪ್ಲಿಯ ಮೇಲೆ ಬಿದ್ದು, ಒಂದು ಪತ್ರಿಕೆಯನ್ನು ಸುರುಳಿ ಸುತ್ತಿ ಆಕೆಯ ಬಾಯಿಗೆ ತುರುಕಲು ನೋಡಿದಾಗ. ಎಷ್ಟು ಅಸಹ್ಯವಾದ ಹಿಂಸೆ ಅದು. ಪ್ರಶ್ನೆ ಕೇಳಿದವಳ ಬಾಯನ್ನೇ ಮುಚ್ಚಲು ಹೋಗುತ್ತಾನೆ. ಆಕೆಯನ್ನು ಬಿಡಿಸುವುದು ಪಾರ್ಕರ್, ಜೊತೆಗೆ ಲ್ಯಾಂಬರ್ಟ್. ಬೋನಸ್ ವಿಷಯಕ್ಕೆ ರಿಪ್ಲಿಯ ಜೊತೆ ಜಗಳ ಆಡಿದ ಅದೇ ಪಾರ್ಕರ್.

ಕೊನೆಯ ಭಾಗದಲ್ಲಿ ರಿಪ್ಲಿ ಒಬ್ಬಳೇ. ಹಡಗನ್ನು ಸ್ಫೋಟಿಸುವ ಯಂತ್ರ ಚಾಲೂ ಮಾಡಿದ್ದಾಳೆ, ಹತ್ತು ನಿಮಿಷ ಸಮಯ. ತಪ್ಪಿಸಿಕೊಳ್ಳುವ ದಾರಿಯಲ್ಲಿ ಆ ಜೀವಿ ಅಡ್ಡ ನಿಂತಿದೆ. ವಾಪಸ್ ಓಡಿ ಸ್ಫೋಟ ನಿಲ್ಲಿಸಲು ನೋಡುತ್ತಾಳೆ, ಅವಧಿ ಮೀರಿದೆ. ಬೈಯುತ್ತಾಳೆ, ಅಳುತ್ತಾಳೆ, ಬೆವರುತ್ತಾಳೆ, ಕೈ ನಡುಗುತ್ತದೆ. ಆದರೂ ಕೈ ಕೆಲಸ ಮಾಡುತ್ತಲೇ ಇರುತ್ತದೆ. ವೀವರ್ ನಟನೆಯ ಶಕ್ತಿ ಇರುವುದು ಇಲ್ಲೇ. ಭಯವನ್ನು ಅವರು ಎಲ್ಲೂ ಬಚ್ಚಿಡುವುದಿಲ್ಲ. ಜೋನ್ಸ್ ಅನ್ನುವ ಬೆಕ್ಕಿಗಾಗಿ ಆಕೆ ಜೀವ ಪಣಕ್ಕಿಟ್ಟದ್ದು ದಡ್ಡತನ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯಾರು ಸತ್ತರೂ ಪರವಾಗಿಲ್ಲ ಅನ್ನುವ ಕಂಪನಿಯ ಲೆಕ್ಕಕ್ಕೆ ಆ ಬೆಕ್ಕೇ ಆಕೆಯ ಉತ್ತರ.

ಒಳಉಡುಪಿನ ದೃಶ್ಯದ ಬಗ್ಗೆಯೂ ಹೇಳಲೇಬೇಕು. ಎಲ್ಲ ಮುಗಿಯಿತು ಅಂದುಕೊಂಡು ಪುಟ್ಟ ನೌಕೆಯಲ್ಲಿ ನಿದ್ದೆಗೆ ತಯಾರಾಗುತ್ತಾ ಆಕೆ ಬಟ್ಟೆ ಬಿಚ್ಚುತ್ತಾಳೆ. ಕ್ಯಾಮೆರಾ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಅಲ್ಲೇ ನಿಲ್ಲುತ್ತದೆ. ಆಕೆ ಎಷ್ಟು ಅಸುರಕ್ಷಿತಳು ಅಂತ ತೋರಿಸಲು ಹಾಗೆ ಮಾಡಿದ್ದಾರೆ ಅನ್ನುವ ವಾದವನ್ನು ಕೇಳಿದ್ದೇನೆ, ಸ್ವಲ್ಪ ಮಟ್ಟಿಗೆ ಸರಿಯೂ ಇರಬಹುದು. ಆದರೆ ಎರಡು ಗಂಟೆ ಆಕೆಯನ್ನು ಒಬ್ಬ ಅಧಿಕಾರಿಯಾಗಿ ನೋಡಿದ ಸಿನಿಮಾ ಅಲ್ಲಿ ಸ್ವಲ್ಪ ಹೊತ್ತು ಹಳೆಯ ಚಾಳಿಗೆ ಜಾರಿತು ಅಂತಲೇ ನನ್ನ ಅಭಿಪ್ರಾಯ. ಅದಾದ ಕೂಡಲೇ ಜೀವಿ ಅಲ್ಲೇ ಅಡಗಿದೆ ಅಂತ ಗೊತ್ತಾಗಿ, ಆಕೆ ಸದ್ದಿಲ್ಲದೆ ಗಗನಯಾತ್ರಿಯ ದಿರಿಸಿನೊಳಗೆ ತೂರಿಕೊಂಡು, ಕುರ್ಚಿಗೆ ಬೆಲ್ಟ್ ಬಿಗಿದು, ಪಿಸುದನಿಯಲ್ಲಿ ಒಂದು ಹಳೆಯ ಪ್ರೇಮಗೀತೆ ಹಾಡಿಕೊಳ್ಳುತ್ತಾ ಒಂದೊಂದೇ ಗುಂಡಿ ಒತ್ತುವ ಆ ಕೆಲವು ನಿಮಿಷ ಸಿನಿಮಾ ತನ್ನ ದಾರಿಗೆ ಮರಳುತ್ತದೆ. ಬಾಗಿಲು ತೆರೆದು ಅದನ್ನು ಹೊರಗೆ ಎಸೆಯುತ್ತಾಳೆ. ಈ ಸಲ ಬಾಗಿಲ ಗುಂಡಿ ಆಕೆಯ ಕೈಯಲ್ಲೇ ಇದೆ.

ಹಾರರ್ ಸಿನಿಮಾಗಳಲ್ಲಿ ಕೊನೆಗೆ ಒಬ್ಬ ಹುಡುಗಿ ಉಳಿಯುವುದು ಹೊಸದಲ್ಲ. 1978ರ ‘ಹ್ಯಾಲೋವೀನ್’ನಲ್ಲಿ ಲಾರಿ ಉಳಿದಳು. ಇಂಥ ಪಾತ್ರಕ್ಕೆ ‘ಫೈನಲ್ ಗರ್ಲ್’ ಅಂತ ಹೆಸರಿಟ್ಟು 1987ರಲ್ಲಿ ಬರೆದವರು ವಿಮರ್ಶಕಿ ಕ್ಯಾರಲ್ ಕ್ಲೋವರ್. ಆದರೆ ಆ ಹುಡುಗಿಯರು ಹೆಚ್ಚಾಗಿ ಹದಿಹರೆಯದವರು, ಗೆಳತಿಯರಿಗಿಂತ ಸಂಕೋಚದವರು, ಒಳ್ಳೆಯ ನಡತೆಗೆ ಬಹುಮಾನವೆಂಬಂತೆ ಉಳಿದವರು. ರಿಪ್ಲಿಯ ನಡತೆ ಹೇಗೆ ಅಂತ ಈ ಸಿನಿಮಾ ಕೇಳುವುದೇ ಇಲ್ಲ. ಆಕೆ ಉಳಿದದ್ದು ಎಚ್ಚರದಿಂದ, ಜೊತೆಗೆ ಒಂದಿಷ್ಟು ಅದೃಷ್ಟದಿಂದ.

1985ರಲ್ಲಿ ಅಮೆರಿಕದ ವ್ಯಂಗ್ಯಚಿತ್ರಗಾರ್ತಿ ಆಲಿಸನ್ ಬೆಕ್ಡೆಲ್ ಒಂದು ಪುಟ್ಟ ಸ್ಟ್ರಿಪ್ ಬರೆದರು. ಅದರಲ್ಲಿ ಒಬ್ಬ ಹೆಂಗಸು ಹೇಳುತ್ತಾಳೆ, ನಾನು ನೋಡುವ ಸಿನಿಮಾದಲ್ಲಿ ಕನಿಷ್ಠ ಇಬ್ಬರು ಹೆಂಗಸರಿರಬೇಕು, ಅವರು ಪರಸ್ಪರ ಮಾತಾಡಬೇಕು, ಆ ಮಾತು ಗಂಡಸಿನ ಬಗ್ಗೆ ಇರಬಾರದು ಅಂತ. ಇವತ್ತು ಬೆಕ್ಡೆಲ್ ಪರೀಕ್ಷೆ ಅಂತ ಎಲ್ಲರೂ ಹೇಳುವುದು ಇದನ್ನೇ. ಆ ಹೆಂಗಸು ಕೊನೆಯದಾಗಿ ನೋಡಲು ಆಗಿದ್ದು ‘ಏಲಿಯನ್’, ಅದರಲ್ಲಿ ಇಬ್ಬರು ಹೆಂಗಸರು ರಾಕ್ಷಸನ ಬಗ್ಗೆ ಮಾತಾಡುತ್ತಾರಂತೆ. ಯೋಚಿಸಿ, ಆರು ವರ್ಷ ಹಳೆಯ ಸಿನಿಮಾ ಅದು.

ಎರಡನೆಯದು 1986ರ ‘ಏಲಿಯನ್ಸ್’, ನಿರ್ದೇಶಕ ಜೇಮ್ಸ್ ಕ್ಯಾಮೆರಾನ್. ಗುಂಡಿನ ಮಳೆ, ಸೈನಿಕರು, ರಾಣಿ ಜೀವಿ, ಎಲ್ಲ ಇದೆ. ಅದರ ಮೊದಲ ಅರ್ಧ ಗಂಟೆಯನ್ನು ಜನ ಮರೆತುಬಿಡುತ್ತಾರೆ. ರಿಪ್ಲಿ 57 ವರ್ಷ ಬಾಹ್ಯಾಕಾಶದಲ್ಲಿ, ವಯಸ್ಸು ಏರದಂತೆ ಇಡುವ ಯಂತ್ರದ ನಿದ್ದೆಯಲ್ಲೇ ತೇಲಿ ವಾಪಸ್ ಬಂದಿದ್ದಾಳೆ. ಆಕೆಯ ಮುಂದೆ ವಿಚಾರಣಾ ಸಮಿತಿ. ಸತ್ತವರ ಬಗ್ಗೆ ಅವರಿಗೆ ಚಿಂತೆ ಇಲ್ಲ, 4 ಕೋಟಿ 20 ಲಕ್ಷ ಡಾಲರ್ ಬೆಲೆಯ ಹಡಗನ್ನು ಯಾಕೆ ನಾಶ ಮಾಡಿದೆ ಅಂತ ಕೇಳುತ್ತಾರೆ. ಆಕೆಯ ಮಾತನ್ನು ಯಾರೂ ನಂಬುವುದಿಲ್ಲ, ಲೈಸೆನ್ಸ್ ಅಮಾನತು ಮಾಡುತ್ತಾರೆ. ಆ ಗ್ರಹದಲ್ಲಿ ಆಗಲೇ 60-70 ಕುಟುಂಬಗಳು ವಾಸವಾಗಿವೆ ಅಂತ ಕೇಳಿದಾಗ ಆಕೆಯ ಮುಖ ನೋಡಬೇಕು. ಆಮೇಲೆ ಸರಕು ಬಂದರಿನಲ್ಲಿ ಲೋಡರ್ ಯಂತ್ರ ಓಡಿಸುವ ಕೆಲಸಕ್ಕೆ ಸೇರುತ್ತಾಳೆ. ಮುಂದೆ ಸೈನಿಕರ ಹಡಗಿನಲ್ಲಿ, ನಾನೇನಾದರೂ ಮಾಡಲಾ ಅಂತ ಕೇಳಿ ಆ ಲೋಡರ್ ಹತ್ತಿ ಸಲೀಸಾಗಿ ಸರಕು ಎತ್ತಿ ತೋರಿಸುತ್ತಾಳೆ. ಕೊನೆಯಲ್ಲಿ ರಾಣಿ ಜೀವಿಯ ಎದುರು ನಿಲ್ಲುವುದೂ ಅದೇ ಯಂತ್ರದೊಳಗೆ. ಎಲ್ಲರೂ ಚಪ್ಪಾಳೆ ಹೊಡೆಯುವ ಆ ಹೋರಾಟದಲ್ಲಿ ಆಕೆಯ ಕೈಯಲ್ಲಿರುವುದು ಬಂದೂಕಲ್ಲ, ಕೆಲಸ ಕಳೆದುಕೊಂಡ ಮೇಲೆ ಹೊಟ್ಟೆಪಾಡಿಗೆ ಮಾಡಿದ ಇನ್ನೊಂದು ಕೆಲಸ.

ಈ ಸಿನಿಮಾದಲ್ಲಿ ನ್ಯೂಟ್ ಅನ್ನುವ ಪುಟ್ಟ ಹುಡುಗಿ ಬರುತ್ತಾಳೆ, ರಿಪ್ಲಿ ತಾಯಿಯಾಗುತ್ತಾಳೆ. ದೀರ್ಘ ಆವೃತ್ತಿಯಲ್ಲಿ ಆಕೆಗೆ ಸ್ವಂತ ಮಗಳೇ ಇದ್ದಳು, ತಾಯಿ ವಾಪಸ್ ಬರುವ ಮುಂಚೆಯೇ ಮುದುಕಿಯಾಗಿ 66ನೇ ವಯಸ್ಸಿಗೆ ತೀರಿಕೊಂಡಳು ಅಂತ ಗೊತ್ತಾಗುತ್ತದೆ. ಆಕೆಗೆ ತೋರಿಸುವ ವಯಸ್ಸಾದ ಮಗಳ ಚಿತ್ರ ನಿಜದಲ್ಲಿ ವೀವರ್ ಅವರ ತಾಯಿ, ನಟಿ ಎಲಿಜಬೆತ್ ಇಂಗ್ಲಿಸ್ ಅವರದ್ದು. ಆ ದೃಶ್ಯ ನನ್ನನ್ನು ಅಲ್ಲಾಡಿಸುತ್ತದೆ, ಸುಳ್ಳು ಹೇಳುವುದಿಲ್ಲ. ಆದರೂ ಹೆಣ್ಣು ಹೋರಾಡಬೇಕಾದರೆ ತಾಯ್ತನವೇ ಕಾರಣವಾಗಬೇಕೇ ಅನ್ನುವ ಪ್ರಶ್ನೆ ಉಳಿಯುತ್ತದೆ. ಮೊದಲ ಸಿನಿಮಾದ ರಿಪ್ಲಿಗೆ ಅಂಥ ಕಾರಣ ಬೇಕಿರಲಿಲ್ಲ. ಈ ಪಾತ್ರಕ್ಕೆ ವೀವರ್ ಆಸ್ಕರ್‌ನ ಅತ್ಯುತ್ತಮ ನಟಿ ವಿಭಾಗದಲ್ಲಿ ನಾಮನಿರ್ದೇಶನ ಪಡೆದರು. ಇಂಥ ಸಿನಿಮಾಗಳ ನಟಿಯರತ್ತ ಆ ವಿಭಾಗ ತಿರುಗಿ ನೋಡುವುದೇ ಅಪರೂಪವಾಗಿದ್ದ ಕಾಲ ಅದು.

1992ರ ಮೂರನೆಯದು ಡೇವಿಡ್ ಫಿಂಚರ್ ಅವರ ಮೊದಲ ಸಿನಿಮಾ. ತಲೆ ಬೋಳಿಸಿಕೊಂಡ ರಿಪ್ಲಿ, ಗಂಡು ಕೈದಿಗಳೇ ತುಂಬಿರುವ ಒಂದು ಗ್ರಹ. ಸಿನಿಮಾದಲ್ಲಿ ಹಲವು ತೊಂದರೆಗಳಿವೆ, ಆದರೆ ಕೊನೆ ದೊಡ್ಡದು. ಆಕೆಯ ಒಡಲಲ್ಲೇ ಆ ಜೀವಿ ಬೆಳೆಯುತ್ತಿದೆ; ಕಂಪನಿಯವರು ಬಂದು ನಿನ್ನನ್ನು ಉಳಿಸುತ್ತೇವೆ ಅಂತ ನಯವಾಗಿ ಮಾತಾಡುತ್ತಾರೆ, ಆಕೆ ನಂಬದೆ ಕುಲುಮೆಗೆ ಹಾರುತ್ತಾಳೆ. 1997ರ ನಾಲ್ಕನೆಯದರಲ್ಲಿ ಬರುವುದು ಆಕೆಯ ತದ್ರೂಪಿ, ನನಗೆ ಅದು ಬೇರೆಯೇ ಪಾತ್ರ.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. ರಿಪ್ಲಿಯ ಜಾಗದಲ್ಲಿ ಗಂಡಸಿದ್ದರೂ ಕಥೆ ಹೀಗೇ ನಡೆಯುತ್ತಿತ್ತಲ್ಲ, ಹಾಗಾದರೆ ಇದರಲ್ಲಿ ಹೆಣ್ಣಿನ ವಿಷಯ ಏನಿದೆ ಅಂತ. ಬರಹದಲ್ಲಿ ಏನೂ ಬದಲಾಗುವುದಿಲ್ಲ, ನಿಜ. ಬದಲಾಗುವುದು ನೋಡುವವರಲ್ಲಿ. ಗಂಡು ಅಧಿಕಾರಿ ಬಾಗಿಲು ತೆಗೆಯದಿದ್ದರೆ ನಾವು ಅವನನ್ನು ಕಟ್ಟುನಿಟ್ಟಿನವನು ಅನ್ನುತ್ತೇವೆ. ಹೆಣ್ಣು ಅದನ್ನೇ ಮಾಡಿದರೆ ಕಲ್ಲುಮನಸ್ಸಿನವಳು ಅನ್ನುತ್ತೇವೆ. ಆ ಬಾಗಿಲ ಮುಂದೆ ರಿಪ್ಲಿಯ ಮೇಲೆ ಸಿಟ್ಟು ಬಂದ ಪ್ರೇಕ್ಷಕರು ಅರ್ಧ ಗಂಟೆ ಕಳೆಯುವಷ್ಟರಲ್ಲಿ ಆಕೆ ಹೇಳಿದ್ದೇ ಸರಿ ಅಂತ ಒಪ್ಪಬೇಕಾಗುತ್ತದೆ. ಯಾರೂ ಭಾಷಣ ಮಾಡದೆ ಸಿನಿಮಾ ಇದನ್ನು ನಮ್ಮಿಂದ ಮಾಡಿಸುತ್ತದೆ.

ಇನ್ನೊಬ್ಬರು ಯಾವ ಆವೃತ್ತಿ ನೋಡಬೇಕು ಅಂತ ಕೇಳಿದರು. ಮೊದಲ ಸಲವಾದರೆ 1979ರದ್ದನ್ನೇ ನೋಡಿ, ಅದರ ಓಟ ಚೆನ್ನಾಗಿದೆ. ಆಮೇಲೆ 2003ರ ನಿರ್ದೇಶಕರ ಆವೃತ್ತಿಗೆ ಬನ್ನಿ. ಅದರಲ್ಲಿ ಬಾಗಿಲ ಘಟನೆಯ ನಂತರ ಲ್ಯಾಂಬರ್ಟ್ ಎದುರಿಗೆ ಬಂದು ರಿಪ್ಲಿಯ ಕೆನ್ನೆಗೆ ಹೊಡೆಯುತ್ತಾಳೆ. ಮೊದಲ ಆವೃತ್ತಿಯಲ್ಲಿ ಅದನ್ನು ಕತ್ತರಿಸಿದ್ದರು. ಎರಡನೇ ಸಿನಿಮಾಕ್ಕೆ ಮಾತ್ರ ದೀರ್ಘ ಆವೃತ್ತಿಯೇ ಸರಿ, ಮಗಳ ದೃಶ್ಯ ಇರುವುದು ಅದರಲ್ಲೇ.